ಹಂಪಿಯಿಂದ ತರಬೇಕಾದದ್ದು ನೆರಳು

ಹೊಸಪೇಟೆ ರೈಲು ನಿಲ್ದಾಣದ ಹೊಸ ರೂಪ ಲೋಕಾರ್ಪಣೆಯಾದದ್ದು 2023ರ ಮಾರ್ಚ್‌ 12ರಂದು. ಹಂಪಿಯ ಸ್ಮಾರಕಗಳನ್ನು ಹೋಲುವಂತೆ ಅದನ್ನು ರೂಪಿಸಿದ್ದಾರೆ. ಎಲ್ಲ ಊರಲ್ಲೂ ಒಂದೇ ಅಚ್ಚಿನ ಗಾಜು, ಸ್ಟೀಲಿನ ಕಟ್ಟಡ ಏಳುತ್ತಿರುವಾಗ, ಇಳಿದವರಿಗೆ ಇದು ಯಾವ ಸೀಮೆ ಎಂದು ಗೊತ್ತಾಗಲಿ ಎಂಬ ಆಸೆಯನ್ನು ನಾನು ಮನಸಾರೆ ಮೆಚ್ಚುತ್ತೇನೆ. ನನ್ನ ತಕರಾರು ಇರುವುದು ಹಂಪಿಯಿಂದ ಏನನ್ನು ತಂದರು ಎಂಬಲ್ಲಿ.

ತಂದದ್ದು ಮುಖವನ್ನು. ಪ್ರಯಾಣಿಕ ಆ ಮುಖವನ್ನು ನೋಡುವುದು ಆಟೊ ಇಳಿದ ಒಂದು ಗಳಿಗೆ. ಕಾಯುವುದು ಮಾತ್ರ ಒಳಗೆ, ಪ್ಲಾಟ್‌ಫಾರಮಿನಲ್ಲಿ.

ಹಂಪಿಯ ವಿಜಯ ವಿಠ್ಠಲ ದೇವಸ್ಥಾನದಲ್ಲಿ ಎಲ್ಲರೂ ಕಲ್ಲಿನ ರಥದ ಮುಂದೆ ನಿಲ್ಲುತ್ತಾರೆ. ಮಹಾಮಂಟಪದ ಸೂರಿನ ಕೆಳಗೆ ನಿಂತು ಒಮ್ಮೆ ತಲೆಯೆತ್ತಿ. ಹೊರಚಾಚಿದ ಕಲ್ಲು ಬಾಗಿ ಇಳಿದು, ತುದಿಯಲ್ಲಿ ಮತ್ತೆ ಮೇಲೇಳುತ್ತದೆ. ಒಳಮೈಯಲ್ಲಿ ಮರದ ಪಟ್ಟಿ ಜೋಡಿಸಿದಂತೆ ಕೆತ್ತನೆ. ಅಂದ ಹೌದು, ಬಿಸಿಲನ್ನೂ ಮಳೆಯನ್ನೂ ದೂರ ತಳ್ಳುವ ಉಪಾಯವೂ ಹೌದು. ವಿರೂಪಾಕ್ಷ ಬಜಾರಿನ ಸಾಲುಮಂಟಪಗಳಲ್ಲಿ ಅಷ್ಟು ಕೆತ್ತನೆಯೂ ಇಲ್ಲ: ಕಂಬ, ತೊಲೆ, ಮೇಲೆ ಹಾಸುಗಲ್ಲು, ಕೂರಲು ಜಗುಲಿ. ಬೇಸಗೆಯ ಮಧ್ಯಾಹ್ನ ಅಲ್ಲಿ ಕೂತು ದಣಿವಾರಿಸಿಕೊಂಡವರಿಗೆ ಆ ಕಟ್ಟಡದ ಬೆಲೆ ಗೊತ್ತು. ನಿಲ್ದಾಣಕ್ಕೆ ಬೇಕಾದ ಹಂಪಿ ಇದು.

ಇಂಥದೇ ಒಂದು ಪಾಠ ಮಾಸ್ಕೋದಲ್ಲಿದೆ. ಅಲ್ಲಿ 1935ರಿಂದ ಅರಮನೆಯಂಥ ಮೆಟ್ರೊ ನಿಲ್ದಾಣಗಳನ್ನು ಕಟ್ಟಿದರು. 1955ರಲ್ಲಿ ಸರ್ಕಾರವೇ ಅತಿ ಅಲಂಕಾರ ಸಾಕು ಎಂದು ಆದೇಶಿಸಿತು. ಆಮೇಲೆ, 1961ರಲ್ಲಿ ತೆರೆದದ್ದು ನೆಲದ ಮೇಲಿನ ಇಜ್ಮೈಲೊವ್‌ಸ್ಕಯಾ ನಿಲ್ದಾಣ. ಶೃಂಗಾರವಿಲ್ಲ, ಒಂದು ಬದಿ ಪೂರ್ತಿ ಕಾಡಿನಂಥ ಉದ್ಯಾನಕ್ಕೆ ತೆರೆದಿದೆ. ಕಾಯುವವರ ಕಣ್ಣಿಗೆ ಮರಗಳು ಸಿಗುತ್ತವೆ. ಜಾಗದ ಗುಣವನ್ನು ಕಟ್ಟಡದೊಳಗೆ ತರುವುದೆಂದರೆ ನನಗೆ ಇದೇ ಸರಿ ಅನಿಸುತ್ತದೆ.

ಹೊಸಪೇಟೆ–ಬಳ್ಳಾರಿ ಹಳಿಯ ಮೇಲೆ ನಮ್ಮ ದರೋಜಿಗೂ ಒಂದು ನಿಲ್ದಾಣವಿದೆ. ಅದಿರಿನ ಗೂಡ್ಸ್ ಗಾಡಿಗಳ ಹಾದಿ ಇದು. ಊರಿಗೆ ದೊಡ್ಡ ಕೆರೆ ಇದೆ, 1994ರಲ್ಲಿ ಕರಡಿಧಾಮವಾದ ಬಂಡೆಗುಡ್ಡಗಳಿವೆ. ನೋಡಲು ಬರುವವರಿಗೂ ಸಂತೆಗೆ ಹೊರಟವರಿಗೂ ಇಲ್ಲಿ ಸಿಮೆಂಟಿನ ರಥ ಬೇಡ. ಪ್ಲಾಟ್‌ಫಾರಮಿನ ಉದ್ದಕ್ಕೂ ಒಂದು ಸಾಲುಮಂಟಪ ಕಟ್ಟಲಿ. ಕಲ್ಲಿಗೇನೂ ಈ ಸೀಮೆಯಲ್ಲಿ ಬರವಿಲ್ಲ. ಜಗುಲಿ ಮುದುಕರು ಕೂತು ಏಳುವಷ್ಟು ಎತ್ತರವಿರಲಿ, ಸೂರು ಗಾಡಿಯ ಬಾಗಿಲಿನ ಹತ್ತಿರದವರೆಗೆ ಚಾಚಲಿ. ಈ ಹಳಿ ಹೆಚ್ಚುಕಡಿಮೆ ಪೂರ್ವ–ಪಶ್ಚಿಮವಾಗಿ ಸಾಗುವುದರಿಂದ ಸೂರು ಎಷ್ಟೇ ಅಗಲವಿದ್ದರೂ ಇಳಿಹೊತ್ತಿನ ಬಿಸಿಲು ತುದಿಯಿಂದ ನುಗ್ಗುತ್ತದೆ. ಪಡುವಣ ತುದಿಗೆ ಗಾಳಿಯಾಡುವ ಜಾಲಂಧ್ರದ ಗೋಡೆಯನ್ನೂ ಕಟ್ಟಬೇಕು.