ಪಂಜರ, ನೀಡ, ಗೂಡು: ಹಳೆಯ ಹಕ್ಕಿಪಂಜರಗಳ ಸಂಗ್ರಹವನ್ನು ಕುರಿತು

ಹಳೆಯ ಗೃಹವಸ್ತುಗಳನ್ನು ಕೂಡಿಡುವವರ ಕಣ್ಣಿಗೆ ಹಕ್ಕಿಯ ಪಂಜರವೂ ಬಿದ್ದು ಬಹುಕಾಲವಾಯಿತು. ಹಿತ್ತಾಳೆಯ ಸಲಾಕಿಗಳನ್ನು ಗುಮ್ಮಟದಂತೆ ಬಾಗಿಸಿ, ತುದಿಗೊಂದು ಕೊಂಡಿಯನ್ನು ಬೆಸೆದ ಪಂಜರಗಳು ಪುರಾತನ ವಸ್ತುಗಳ ಅಂಗಡಿಗಳಲ್ಲಿ ಒಳ್ಳೆಯ ಬೆಲೆಗೆ ಹೋಗುತ್ತವೆ. ಕೊಂಡವರು ಅವುಗಳಲ್ಲಿ ದೀಪವನ್ನೋ ಬಳ್ಳಿಯ ಕುಂಡವನ್ನೋ ಇರಿಸಿಕೊಳ್ಳುತ್ತಾರೆ. ಇದರಲ್ಲಿ ಆಕ್ಷೇಪಿಸತಕ್ಕದ್ದೇನೂ ಇಲ್ಲ. ಆದರೆ ಇಂತಹ ಸಂಗ್ರಹಗಳನ್ನೇ ಆಧಾರವಾಗಿಟ್ಟುಕೊಂಡು ಪಂಜರದ ಚರಿತ್ರೆಯನ್ನು ಹೇಳಹೊರಟಾಗ ತೊಡಕು ಪ್ರಾರಂಭವಾಗುತ್ತದೆ. ಒಳಗಿದ್ದ ಹಕ್ಕಿ ಯಾವುದು, ಪಂಜರವನ್ನು ಎಲ್ಲಿ ತೂಗಿದ್ದರು, ಅದನ್ನು ಮಾಡಿದ ಕೈ ಯಾರದು ಎಂಬ ಮೂರನ್ನು ಬಿಟ್ಟರೆ ಬರಿಯ ಪಂಜರವು ಅರ್ಧ ಹರಿದ ಓಲೆಯಂತೆ ಎಂಬುದು ನಮ್ಮ ಅಭಿಪ್ರಾಯ. ಇದನ್ನು ಬಳ್ಳಾರಿ ಸೀಮೆಯ ಒಂದು ಗುಡಿಯಿಂದ ಮೊದಲುಮಾಡಿ ಪರಿಶೀಲಿಸಬಹುದು.

ಹೂವಿನಹಡಗಲಿ ತಾಲ್ಲೂಕಿನ ಹಿರೇಹಡಗಲಿ ವಿದ್ವಾಂಸರಿಗೆ ಎರಡು ಕಾರಣಗಳಿಂದ ಪರಿಚಿತವಾದ ಊರು. ಪಲ್ಲವ ಶಿವಸ್ಕಂದವರ್ಮನ ಪ್ರಾಕೃತ ತಾಮ್ರಶಾಸನವು ದೊರೆತದ್ದು ಅಲ್ಲಿ. ಇನ್ನೊಂದು ಕಾರಣ ಅಲ್ಲಿಯ ಕಲ್ಲೇಶ್ವರ ದೇವಾಲಯ. ಕಲ್ಯಾಣದ ಚಾಲುಕ್ಯ ಒಂದನೆಯ ಸೋಮೇಶ್ವರನ ಮಹಾಪ್ರಧಾನನಾದ ದೇಮರಸನು ಕ್ರಿ.ಶ. 1057ರಲ್ಲಿ ಕಟ್ಟಿಸಿದ ಈ ಗುಡಿಗೆ ಎರಡು ಗರ್ಭಗೃಹಗಳುಂಟು. ಅಲೆಗ್ಸಾಂಡರ್ ರೀ ಎಂಬವರು 1896ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ಇದರ ಜೊತೆಗೆ ಸುತ್ತಣ ಚಾಲುಕ್ಯ ಗುಡಿಗಳನ್ನೂ ಚಿತ್ರಸಹಿತವಾಗಿ ವಿವರಿಸಿದರು. ನಮ್ಮ ವಿಷಯಕ್ಕೂ ಈ ಗುಡಿಗೂ ಏನು ಸಂಬಂಧವೆಂದು ಓದುಗರು ಕೇಳಬಹುದು. ಈ ಪರಂಪರೆಯ ಗುಡಿಗಳ ಹೊರಗೋಡೆಗಳಲ್ಲಿ ಅರೆಗಂಬಗಳ ಮೇಲೆ ಕಿರುಶಿಖರಗಳನ್ನು ಕಡೆಯುವ ಪದ್ಧತಿಯುಂಟಷ್ಟೆ. ಶಿಲ್ಪಶಾಸ್ತ್ರದಲ್ಲಿ ಈ ಕಿರುರೂಪಗಳಿಗೆ ಬೇರೆಬೇರೆ ಹೆಸರುಗಳಿವೆ. ಚೌಕವಾದುದು ಕೂಟ, ಉದ್ದನಾಗಿ ಬಂಡಿಯ ಕಮಾನಿನಂತೆ ಮಾಡು ಹೊಂದಿದುದು ಶಾಲೆ, ಇಕ್ಕಟ್ಟಾದ ಮೈಯ ಮೇಲೆ ಕುದುರೆಲಾಳದಾಕಾರದ ಕಮಾನನ್ನು ಹೊತ್ತುದು ಪಂಜರ. ಈ ಪಂಜರಕ್ಕೆ ನೀಡವೆಂಬ ಪರ್ಯಾಯವೂ ಉಂಟು; ನೀಡವೆಂದರೆ ಹಕ್ಕಿಯ ಗೂಡು. ತಮಿಳು ಶಿಲ್ಪಿಗಳು ಅದೇ ಕಮಾನನ್ನು ‘ಕೂಡು’ ಎನ್ನುತ್ತಾರೆ. ಅದು ನಮ್ಮ ‘ಗೂಡು’ ಶಬ್ದದ ಸೋದರ. ಕನ್ನಡದಲ್ಲಿಯೂ ಗೂಡು ಎಂಬ ಒಂದೇ ಮಾತು ಹಕ್ಕಿ ತಾನಾಗಿ ಕಟ್ಟಿದ ಮನೆಗೂ, ಮನುಷ್ಯನು ಅದಕ್ಕೆ ಒಡ್ಡಿದ ಸೆರೆಗೂ, ಗೋಡೆಯಲ್ಲಿ ಹಣತೆಯಿಡುವ ಮಾಡಕ್ಕೂ ಸಲ್ಲುತ್ತದೆ.

ಇಲ್ಲಿ ಒಂದು ಆಕರ್ಷಕವಾದ ಊಹೆಗೆ ಎಡೆಯಿದೆ. ಮರ ಬಿದಿರುಗಳ ಪಂಜರಗಳು ಸಾವಿರ ವರ್ಷ ಉಳಿಯಲಾರವು. ಆದರೆ ಅವುಗಳ ಆಕಾರ ಕಲ್ಲಿನಲ್ಲಿ ಉಳಿದಿದೆ. ಆದುದರಿಂದ ಗುಡಿಯ ಪಂಜರವನ್ನು ನೋಡಿ ಚಾಲುಕ್ಯರ ಕಾಲದ ಹಕ್ಕಿಪಂಜರವನ್ನು ಚಿತ್ರಿಸಿಕೊಳ್ಳಬಹುದು ಎಂದು ವಾದಿಸಬಹುದು. ನಾವು ಇದನ್ನು ಒಪ್ಪಲಾರೆವು. ಕುದುರೆಲಾಳದ ಆ ಕಮಾನು ಗಜಪೃಷ್ಠಾಕಾರದ ಕಟ್ಟಡವೊಂದನ್ನು ಮುಂದುಗಡೆಯಿಂದ ಕಂಡಾಗ ತೋರುವ ರೂಪ. ಮರದ ಕಮಾನುಗಳ ಮೇಲೆ ಹುಲ್ಲು ಹೊದಿಸಿದ ಹಳೆಯ ಮನೆಗಳಿಂದ ಅದು ಬಂದಿದೆ. ಪಂಜರವೆಂಬ ಶಬ್ದಕ್ಕಾದರೋ ಎಲುಬಿನ ಹಂದರವೆಂಬ ಅರ್ಥವೂ ಇದ್ದು, ಅದು ಹಕ್ಕಿಗೆ ಮಾತ್ರ ಮೀಸಲಾದುದಲ್ಲ. ಹೆಸರು ಹೆಚ್ಚೆಂದರೆ ಒಂದು ಮನೋಭಾವವನ್ನು ತಿಳಿಸುತ್ತದೆ: ಕಿರಿದಾದ ಒಂದೆಡೆಯಲ್ಲಿ ಬೆಲೆಯುಳ್ಳ ಒಂದನ್ನು ಇಟ್ಟು ಕಾಣುವ ಮನೋಭಾವವನ್ನು. ಗುಡಿಯ ಪಂಜರದಲ್ಲಿ ದೇವತೆಯಿದ್ದರೆ ಮನೆಯ ಪಂಜರದಲ್ಲಿ ಗಿಳಿಯಿರುತ್ತಿತ್ತು. ಆಕಾರದ ಸಾಕ್ಷ್ಯಕ್ಕಾಗಿ ಬೇರೆಡೆಗೆ ಹೋಗಬೇಕು.

ಹಾಗೆ ಹೋದರೆ ಸಾಹಿತ್ಯದಲ್ಲಿ ಸಿಕ್ಕುವುದು ಕಡಿಮೆಯಲ್ಲ. ವಾತ್ಸ್ಯಾಯನನು ನಾಗರಕನ ಶಯನಗೃಹವನ್ನು ವರ್ಣಿಸುತ್ತ, ಆಟದ ಹಕ್ಕಿಗಳ ಪಂಜರಗಳು ಕೋಣೆಯ ಹೊರಗಿರಬೇಕೆನ್ನುತ್ತಾನೆ. ಗಿಳಿ ಗೊರವಂಕಗಳಿಗೆ ಮಾತು ಕಲಿಸುವುದನ್ನು ಅರುವತ್ತನಾಲ್ಕು ಕಲೆಗಳಲ್ಲಿ ಎಣಿಸುತ್ತಾನೆ. ಮೃಚ್ಛಕಟಿಕದಲ್ಲಿ ವಿದೂಷಕನು ವಸಂತಸೇನೆಯ ಮನೆಯ ಏಳನೆಯ ತೊಟ್ಟಿಯಲ್ಲಿ ನಾಗದಂತಗಳಿಗೆ, ಎಂದರೆ ಗೋಡೆಯ ಗೂಟಗಳಿಗೆ, ಸಾಲಾಗಿ ತೂಗಿದ ಪಂಜರಗಳನ್ನು ಕಾಣುತ್ತಾನೆ. ಕೌಟಿಲ್ಯನ ಲೆಕ್ಕಾಚಾರ ಬೇರೆ: ಅರಮನೆಯಲ್ಲಿ ಗಿಳಿ ಗೊರವಂಕಗಳಿದ್ದರೆ ಹಾವಿನ ವಿಷದ ಸುಳಿವು ಸಿಕ್ಕಾಗ ಅವು ಕೂಗಿಕೊಳ್ಳುತ್ತವೆ. ಒಬ್ಬನಿಗೆ ವಿಲಾಸ, ಒಬ್ಬನಿಗೆ ಸಿರಿಯ ಗುರುತು, ಇನ್ನೊಬ್ಬನಿಗೆ ಕಾವಲು. ವಸ್ತು ಒಂದೇ, ಆದರೆ ತೂಗಿದ ಜಾಗ ಬದಲಾದೊಡನೆ ಅದರ ಅರ್ಥ ಬದಲಾಗುತ್ತದೆ.

ಇವೆಲ್ಲಕ್ಕಿಂತ ಕನ್ನಡಿಗರಿಗೆ ಹತ್ತಿರವಾದುದು ಕಾದಂಬರಿಯ ಪಂಜರ. ಬಾಣನ ಈ ಕಥೆಯನ್ನು ಒಂದನೆಯ ನಾಗವರ್ಮನು ಹತ್ತನೆಯ ಶತಮಾನದ ಕೊನೆಯ ಸುಮಾರಿಗೆ ಚಂಪುವಾಗಿ ಕನ್ನಡಕ್ಕೆ ತಂದನು. ಎಂದರೆ ಹಿರೇಹಡಗಲಿಯ ಗುಡಿ ಏಳುವುದಕ್ಕೆ ಎರಡು ಮೂರು ತಲೆಮಾರು ಹಿಂದೆ. ಶೂದ್ರಕನ ಆಸ್ಥಾನಕ್ಕೆ ಚಂಡಾಲಕನ್ಯೆ ಬರುವಾಗ ಹುಡುಗನೊಬ್ಬನು ವೈಶಂಪಾಯನವೆಂಬ ಗಿಳಿಯ ಪಂಜರವನ್ನು ಹೊತ್ತು ತರುತ್ತಾನೆ. ಬಾಣನು ಆ ಪಂಜರವನ್ನು ನೋಡಿರುವ ಬಗೆ ವಿಚಾರಾರ್ಹವಾದುದು. ಅದು ಚಿನ್ನದ ಸಲಾಕಿಗಳಿಂದ ಮಾಡಿದ್ದು; ಆದರೂ ಒಳಗಿರುವ ಗಿಳಿಯ ಕಾಂತಿ ಹರಡಿ ಪಚ್ಚೆಯಿಂದಾದಂತೆ ಕಾಣುತ್ತದೆ. ಪಂಜರಕ್ಕೆ ತನ್ನದೇ ಬಣ್ಣವಿದ್ದರೂ ಕಣ್ಣಿಗೆ ಬೀಳುವುದು ಹಕ್ಕಿ ಕೊಟ್ಟ ಬಣ್ಣ. ಕಥೆಯ ಉತ್ತರಭಾಗದಲ್ಲಿ ಇದಕ್ಕೆ ಹಿನ್ನೆಲೆಯೂ ದೊರೆಯುತ್ತದೆ. ಬಲೆಗೆ ಸಿಕ್ಕ ಗಿಳಿಯನ್ನು ಮೊದಲು ಇಟ್ಟದ್ದು ಮರದ ಪಂಜರದಲ್ಲಿ. ಒಂದು ಬೆಳಗ್ಗೆ ಕಣ್ದೆರೆದಾಗ ತಾನು ಚಿನ್ನದ ಪಂಜರದಲ್ಲಿರುವುದನ್ನು ಅದು ಕಾಣುತ್ತದೆ. ಬೇಡರ ಹಟ್ಟಿಗೆ ಮರ, ರಾಜಸಭೆಗೆ ಚಿನ್ನ. ಸಂಗ್ರಾಹಕರಿಗೆ ಮೊದಲನೆಯದು ದೊರೆಯುವುದಿಲ್ಲ. ದೊರೆತರೂ ಅದಕ್ಕೆ ಬೆಲೆಯಿಲ್ಲ.

ನಮ್ಮ ಆಕ್ಷೇಪದ ತಿರುಳು ಇದೇ. ಪಂಜರಗಳನ್ನೇ ಅರಸಿ ಕೂಡಿಟ್ಟವರಲ್ಲಿ ಅಮೆರಿಕದ ‘ಸೆಂಚುರಿ’ ಪತ್ರಿಕೆಯ ಕಲಾಸಂಪಾದಕ ಅಲೆಗ್ಸಾಂಡರ್ ಡ್ರೇಕ್ ಹೆಸರಾದವರು. ಅವರ ಪಂಜರಗಳು ನ್ಯೂಯಾರ್ಕಿನ ಕೂಪರ್ ಹೀವಿಟ್ ವಸ್ತುಸಂಗ್ರಹಾಲಯದಲ್ಲಿವೆ. ಹಾಲೆಂಡಿನ ಡೆಲ್ಫ್ಟ್ ಪಿಂಗಾಣಿಯಲ್ಲಿ ಮಾಡಿದ ಪಂಜರಗಳೂ ಪ್ರಸಿದ್ಧವಾಗಿವೆ. ಕುಶಲಕಲೆಯ ಮಾದರಿಗಳೆಂದು ಇವನ್ನು ಮೆಚ್ಚಲೇಬೇಕು. ಆದರೆ ಬಾಳುವ ಲೋಹವೂ ಪಿಂಗಾಣಿಯೂ ಉಳಿದು, ಬಿದಿರು ನಾಶವಾದಾಗ, ಪಂಜರದ ಚರಿತ್ರೆಯೆಂಬುದು ಸಿರಿವಂತರ ಹಜಾರದ ಚರಿತ್ರೆಯಾಗಿಬಿಡುತ್ತದೆ. ನಮ್ಮ ನಾಡಿನಲ್ಲಿ ಬಿದಿರನ್ನು ಸೀಳಿ ಹೆಣೆಯುವ ಮೇದಾರರ ಕಸುಬು ಬುಟ್ಟಿ, ಮೊರ, ಕಣಜಗಳಿಗಾಗಿ ನೆನಪಿನಲ್ಲಿದೆ. ಅದೇ ಹೆಣಿಗೆಯ ಹಕ್ಕಿಗೂಡನ್ನು ಕೂಡಿಡಲು ಯಾರಿಗೂ ತೋಚಲಿಲ್ಲ. ಗೌಜಲಹಕ್ಕಿಯನ್ನು ಗೂಡಿನಲ್ಲಿಟ್ಟು ಹೊಲದಂಚಿಗೆ ಒಯ್ದು, ಅದರ ಕೂಗಿಗೆ ಬರುವ ಹಕ್ಕಿಗಳನ್ನು ಹಿಡಿಯುವ ಬೇಟೆ ಒಂದು ಕಾಲಕ್ಕೆ ಸಾಮಾನ್ಯವಾಗಿದ್ದಿತು. ಹೀಗೆ ಸೆಳೆಯಲು ಬಳಸುವ ಪ್ರಾಣಿಗೆ ‘ದೀವ’ವೆಂಬ ಹಳಗನ್ನಡದ ಹೆಸರೇ ಇದೆ. ಆ ಗೂಡು ಆಭರಣವಾಗಿರಲಿಲ್ಲ, ಬಲೆಯ ಒಂದು ಅಂಗವಾಗಿತ್ತು. ಗಿಳಿಶಾಸ್ತ್ರದವರ ಪೆಟ್ಟಿಗೆಯಂತಹ ಪಂಜರ ಇನ್ನೊಂದು ಬಗೆ: ಬಾಗಿಲು ತೆರೆದೊಡನೆ ಗಿಳಿ ಹೊರಬಂದು ಚೀಟಿಯೊಂದನ್ನೆತ್ತಿ ತಾನಾಗಿ ಒಳಸೇರುತ್ತದೆ. ಸೌಂದರ್ಯಕ್ಕಾಗಿ ಕೂಡಿಸುವವರು ಇವೆರಡನ್ನೂ ಬಿಡುತ್ತಾರೆ. ಚಾಲುಕ್ಯ ಮೂರನೆಯ ಸೋಮೇಶ್ವರನು, ಎಂದರೆ ಹಿರೇಹಡಗಲಿಯ ಗುಡಿ ಎದ್ದಾಗ ಆಳುತ್ತಿದ್ದ ದೊರೆಯ ಮೊಮ್ಮಗನು, ತನ್ನ ಮಾನಸೋಲ್ಲಾಸದ ವಿನೋದಪ್ರಕರಣದಲ್ಲಿ ಹುಂಜ, ಲಾವಕ್ಕಿ, ಪಾರಿವಾಳ, ಡೇಗೆಗಳಿಗೆ ಎಡೆಗೊಟ್ಟಿದ್ದಾನೆ. ರಾಜನಾಗಿಯೂ ಅವನ ಆಸಕ್ತಿ ಹಕ್ಕಿಯ ಕಾಳಗ, ಹಾರಾಟ, ಪಳಗಿಸುವಿಕೆಗಳಲ್ಲಿ ಇತ್ತು. ಈ ವಿಷಯದಲ್ಲಿ ಅವನು ಇಂದಿನ ಸಂಗ್ರಾಹಕರಿಗಿಂತ ವಾಸ್ತವಕ್ಕೆ ಹತ್ತಿರವಾಗಿದ್ದನೆಂದು ಹೇಳಬೇಕಾಗಿದೆ.

ಖಾಲಿ ಪಂಜರವು ಸಂಗ್ರಹದ ವಸ್ತುವಾದುದಕ್ಕೆ ಕಾಯಿದೆಯ ಕಾರಣವೂ ಉಂಟು. ಪುರಾತನ ವಸ್ತುಗಳು ಮತ್ತು ಕಲಾನಿಧಿಗಳ ಅಧಿನಿಯಮವು 1972ರ 52ನೆಯ ಕಾಯಿದೆ; ವನ್ಯಜೀವಿ ಸಂರಕ್ಷಣಾ ಅಧಿನಿಯಮವು ಅದೇ ವರ್ಷದ 53ನೆಯದು. ಎರಡಕ್ಕೂ ಸೆಪ್ಟೆಂಬರ್ 9ರ ದಿನಾಂಕವೇ ಇದೆ. ಮೊದಲನೆಯದರಂತೆ ನೂರು ವರ್ಷ ದಾಟಿದ ಕುಶಲವಸ್ತು ರಕ್ಷಣೆಗೆ ಅರ್ಹವಾಗುತ್ತದೆ. ಎರಡನೆಯದರ ಕೆಳಗೆ 1991ರ ವೇಳೆಗೆ ದೇಶೀಯ ಹಕ್ಕಿಗಳ ವ್ಯಾಪಾರವೇ ನಿಷಿದ್ಧವಾಯಿತು. ಒಂದೇ ದಿನದ ಎರಡು ಕಾಯಿದೆಗಳಲ್ಲಿ ಒಂದು ಪಂಜರವನ್ನು ಕಾಯುತ್ತದೆ, ಇನ್ನೊಂದು ಅದರಿಂದ ಗಿಳಿಯನ್ನು ಬಿಡಿಸುತ್ತದೆ. ಎರಡನೆಯದು ನ್ಯಾಯವಾದುದೆಂಬುದರಲ್ಲಿ ನಮಗೆ ಸಂದೇಹವಿಲ್ಲ. ಕಾಡಿನಿಂದ ಹಿಡಿದು ತಂದ ಮರಿಗಳಲ್ಲಿ ಅನೇಕವು ದಾರಿಯಲ್ಲಿಯೇ ಸಾಯುತ್ತಿದ್ದವು. ಆದರೆ ಬಳಕೆ ನಿಂತುಹೋದ ವಸ್ತುವಿನ ನೆನಪು ಬೇಗ ಅಳಿಯುತ್ತದೆ. ಸೆರೆಯ ಸಾಧನವು ಅಲಂಕಾರವಾಗಿ ಮಾತ್ರ ಉಳಿದರೆ ಅದು ಸೆರೆಯಾಗಿತ್ತೆಂಬುದೇ ಮರೆತುಹೋಗುತ್ತದೆ.

ಆದುದರಿಂದ ಪಂಜರವನ್ನು ಪಡೆಯುವ ಸಂಗ್ರಹಾಲಯಗಳು ಲೋಹ, ಎತ್ತರ, ಕಾಲಗಳ ಜೊತೆಗೆ ಇನ್ನೂ ಕೆಲವನ್ನು ಗುರುತಿಸಿಕೊಳ್ಳಬೇಕು. ನೀರಿನ ಬಟ್ಟಲಿನ ಅಳತೆ, ಬಾಗಿಲು ಎತ್ತುವುದೋ ಸರಿಸುವುದೋ ಎಂಬುದು, ಕೂರುವ ಕಡ್ಡಿಯಲ್ಲಿ ಕೊಕ್ಕಿನ ಗಾಯಗಳಿವೆಯೇ ಎಂಬುದು ಹಕ್ಕಿಯ ವಿಷಯದಲ್ಲಿ ಸಾಕ್ಷ್ಯ ನುಡಿಯುತ್ತವೆ. ಗಿಳಿ ಮರವನ್ನು ಕಡಿಯುತ್ತದೆ, ಲಾವಕ್ಕಿ ಕಡಿಯುವುದಿಲ್ಲ. 1994ರಲ್ಲಿ ರಾಮನಗರದ ಬಳಿ ತೆರೆದ ಜಾನಪದ ಲೋಕದಂತಹ ಸಂಸ್ಥೆಗಳು ಗ್ರಾಮಜೀವನದ ಉಪಕರಣಗಳನ್ನು ಕೂಡಿಸಿ ದಾರಿ ತೋರಿಸಿವೆ. ಹಡಗಲಿ, ಕೂಡ್ಲಿಗಿ, ಹರಪನಹಳ್ಳಿಗಳ ಹಳೆಯ ಜಂತಿಮನೆಗಳು ದಿನೇ ದಿನೇ ಬೀಳುತ್ತಿರುವ ಈ ಕಾಲದಲ್ಲಿ ಪಡಸಾಲೆಯ ತೊಲೆಗಳಿಗೆ ಹೊಡೆದ ಕಬ್ಬಿಣದ ಕೊಂಡಿಗಳನ್ನು ಪರೀಕ್ಷಿಸುವುದೂ ಒಂದು ಕೆಲಸ. ಕೊಂಡಿಯೊಂದೇ ಏನನ್ನೂ ಸಾಧಿಸದು. ಅದಕ್ಕೆ ತೂಗಿದ್ದು ತೊಟ್ಟಿಲೋ, ಬೆಣ್ಣೆಯ ನೆಲುವೋ, ಗಿಳಿಯ ಗೂಡೋ ಎಂಬುದನ್ನು ಮನೆಯ ಹಿರಿಯರಿಂದಲೇ ಕೇಳಿ ಬರೆದುಕೊಳ್ಳಬೇಕು.