ತೊಡೆಯ ಎಕ್ಸ್‌ರೇಯಲ್ಲಿ ಸಿಕ್ಕ ಹುಳು

‘ಹೌಸ್’ ಧಾರಾವಾಹಿಯನ್ನು ಹೊಸದಾಗಿ ನೋಡಲು ಕೂರುವವರಿಗೆ ನನ್ನದೊಂದು ಮಾತು: ಮೊದಲ ಕಂತನ್ನು ಬಿಡಬೇಡಿ. 2004ರಿಂದ 2012ರವರೆಗೆ 177 ಕಂತುಗಳಲ್ಲಿ ಬಂದ ಈ ಅಮೆರಿಕನ್ ಧಾರಾವಾಹಿಯ ತುಂಬ ಅಪರೂಪದ ಕಾಯಿಲೆಗಳೇ. ನಮ್ಮ ಪಾಲಿಗೆ ಮುಖ್ಯವಾದದ್ದು ಮಾತ್ರ ಆ ಮೊದಲನೆಯದು.

ಪುಟ್ಟ ಮಕ್ಕಳ ಟೀಚರ್ ಒಬ್ಬಳು ಪಾಠದ ನಡುವೆಯೇ ಮಾತು ತಡವರಿಸಿ ಕುಸಿಯುತ್ತಾಳೆ. ಮಿದುಳಿನಲ್ಲಿ ಗೆಡ್ಡೆಯಿರಬಹುದೆಂದು ಮೊದಲು ಶಂಕೆ. ಸ್ಟೀರಾಯ್ಡ್ ಕೊಟ್ಟರೆ ಚೇತರಿಸಿಕೊಂಡವಳು ಮತ್ತೆ ಕೆಡುತ್ತಾಳೆ. ಅವಳ ಮನೆಯ ಫ್ರಿಜ್ಜಿನಲ್ಲಿ ಹಂದಿಮಾಂಸ ಇತ್ತೆಂಬ ಸಣ್ಣ ಸಂಗತಿ ಕಿವಿಗೆ ಬಿದ್ದದ್ದೇ ತಡ, ಕಥಾನಾಯಕ ಡಾಕ್ಟರ್ ಹೌಸ್‌ಗೆ ಹೊಳೆಯುತ್ತದೆ: ಮಿದುಳಿನಲ್ಲಿ ಲಾಡಿಹುಳುವಿನ ಮರಿ. ಬೇಸತ್ತ ರೋಗಿ ಪುರಾವೆಯಿಲ್ಲದೆ ಔಷಧಿ ಬೇಡವೆನ್ನುತ್ತಾಳೆ. ಆಗ ತೊಡೆಯ ಎಕ್ಸ್‌ರೇ ತೆಗೆದು ಹುಳುವನ್ನು ತೋರಿಸುತ್ತಾರೆ. ಎಷ್ಟು ಸೊಗಸಾದ ತಿರುವು! ಕಥೆಗಾರನ ಕಟ್ಟುಕತೆಯೂ ಅಲ್ಲ ಅದು. ಈ ಮರಿಗಳು ಸ್ನಾಯುಗಳಲ್ಲೂ ನೆಲೆಸುತ್ತವೆ. ಸತ್ತು ಸುಣ್ಣಗಟ್ಟಿದ ಮೇಲೆ ಎಕ್ಸ್‌ರೇಯಲ್ಲಿ ಅಕ್ಕಿಕಾಳಿನಂತೆ ಬೆಳ್ಳಗೆ ಕಾಣುತ್ತವೆ.

ಧಾರಾವಾಹಿಯ ನ್ಯೂಜೆರ್ಸಿ ಆಸ್ಪತ್ರೆಗೆ ಒಗಟಾದ ಈ ಕಾಯಿಲೆ, ಅಂದರೆ ನ್ಯೂರೋಸಿಸ್ಟಿಸರ್ಕೋಸಿಸ್, ನಮ್ಮ ನರರೋಗ ವಿಭಾಗಗಳಿಗೆ ತೀರಾ ಪರಿಚಿತ. ಭಾರತದಲ್ಲಿ ಫಿಟ್ಸ್ ಬರುವ ಮುಖ್ಯ ಕಾರಣಗಳಲ್ಲಿ ಅದೂ ಒಂದು. ಇಲ್ಲಿ ಕಂತಿನ ಮೇಲೆ ನನಗೊಂದು ತಕರಾರಿದೆ. ಅದು ಹಂದಿಮಾಂಸದತ್ತಲೇ ಬೆರಳು ತೋರಿಸುತ್ತದೆ. ನೋಡಿದ ಸಸ್ಯಾಹಾರಿಗಳು ಇದು ತಮಗಲ್ಲ ಎಂದು ನಿಶ್ಚಿಂತರಾದಾರು. ಅರೆಬೆಂದ ಮಾಂಸ ತಿಂದವರ ಕರುಳಿನಲ್ಲಿ ಬೆಳೆಯುವುದು ದೊಡ್ಡ ಹುಳು. ಅದರ ಮೊಟ್ಟೆಗಳು ಮಲದೊಂದಿಗೆ ಹೊರಬಿದ್ದು ನೀರು, ಹಸಿ ಸೊಪ್ಪು, ತೊಳೆಯದ ಕೈಗಳ ಮೂಲಕ ಯಾರ ಹೊಟ್ಟೆಯನ್ನಾದರೂ ಸೇರಬಹುದು. ಮಿದುಳಿಗೆ ಹೋಗುವ ಮರಿ ಹುಟ್ಟುವುದು ಆ ಮೊಟ್ಟೆಯಿಂದ. ಹುಟ್ಟಿದಾಗಿನಿಂದ ಮಾಂಸ ಮುಟ್ಟದವರಿಗೂ ಇದು ಬರುತ್ತದೆ.

ಟಿವಿ ನೋಡಿ ಕಾಯಿಲೆ ಕಂಡುಹಿಡಿಯುವುದುಂಟೇ ಎನ್ನುವವರಿಗೆ ಜರ್ಮನಿಯ ಮಾರ್ಬುರ್ಗ್‌ನ ಉದಾಹರಣೆಯಿದೆ. 2012ರಲ್ಲಿ ಅಲ್ಲಿನ ಡಾ. ಯುರ್ಗೆನ್ ಶೇಫರ್, ಹೃದಯ ಸೋತ ರೋಗಿಯೊಬ್ಬರ ಸಂಕಟಕ್ಕೆ ಸೊಂಟದ ಕೃತಕ ಕೀಲು ಸವೆದು ರಕ್ತಕ್ಕೆ ಸೇರಿದ ಕೋಬಾಲ್ಟ್ ಕಾರಣವೆಂದು ಗುರುತಿಸಿದರು. ಅವರಿಗೆ ಸುಳಿವು ಕೊಟ್ಟದ್ದು ‘ಹೌಸ್’ನದೇ ಒಂದು ಕಂತು.

ಮತ್ತೆ ಫಿಟ್ಸ್ ವಿಷಯಕ್ಕೆ ಬಂದರೆ, ಅದು ಬಂದವರ ಕೈಗೆ ಬೀಗದ ಕೈ ಗೊಂಚಲು ಕೊಟ್ಟು ಸುಮ್ಮನಾಗುವವರು ನಮ್ಮಲ್ಲಿ ಇನ್ನೂ ಇದ್ದಾರೆ. ಅದರಿಂದ ಏನೂ ಆಗದು. ಮನೆಯಲ್ಲಿ ಯಾರಿಗಾದರೂ ಮೊದಲ ಸಲ ಫಿಟ್ಸ್ ಬಂದರೆ ತಡಮಾಡದೆ ನರರೋಗ ತಜ್ಞರ ಬಳಿಗೆ ಕರೆದೊಯ್ಯಿರಿ.