ಟಬ್ಸ್ ಇಲ್ಲದ ಮಯಾಮಿ

ಟಿ.ವಿ. ಧಾರಾವಾಹಿಯ ಹೆಸರು ಹೊತ್ತು ಬಂದ ಹಳೆಯ ಕಂಪ್ಯೂಟರ್ ಆಟಗಳಲ್ಲಿ ಹೆಚ್ಚಿನವು ಹೊತ್ತದ್ದು ಬರೀ ಹೆಸರನ್ನೇ. ಇಂಗ್ಲೆಂಡಿನ ಓಷನ್ ಕಂಪನಿ 1986ರಲ್ಲಿ ತಂದ 'ಮಯಾಮಿ ವೈಸ್' ಕೂಡ ಹಾಗೇ ಅಂತ ತಳ್ಳಿಹಾಕಬಹುದು. ಆದರೆ ಡೊಂಬಿವಲಿಯಲ್ಲಿ ಬಾಡಿಗೆ ಮನೆ ಹಿಡಿದು ಕೂತವನಿಗೆ ಅಷ್ಟು ಸಲೀಸಾಗಿ ತಳ್ಳಿಹಾಕಲು ಆಗುವುದಿಲ್ಲ ನೋಡಿ.

ಇದು ಸ್ಪೆಕ್ಟ್ರಮ್, ಕಮೊಡೋರ್ ಕಾಲದ ಆಟ. ಸ್ಪೆಕ್ಟ್ರಮ್ ನಮಗೂ ಅಪರಿಚಿತವೇನಲ್ಲ. ಪುಣೆಯ ಡೆಸಿಬೆಲ್ಸ್ ಕಂಪನಿ ಅದನ್ನು ಎಂಬತ್ತರ ದಶಕದಲ್ಲಿ ಲೈಸೆನ್ಸ್ ಪಡೆದು ಇಲ್ಲೇ ಮಾರಿತ್ತು. ಒಟ್ಟು ನೆನಪು 48ಕೆ. ಕ್ಯಾಸೆಟ್ ಹಾಕಿ, ಅದರ ಕಿರುಚಾಟ ಮುಗಿಯುವ ತನಕ ಕಾಯಬೇಕು. ಈಗ ಎಮ್ಯುಲೇಟರಿನಲ್ಲಿ ಆ ಕಾಯುವಿಕೆಯೂ ಇಲ್ಲ.

ಆಟದಲ್ಲಿ ನಗರವನ್ನು ಆಕಾಶದಿಂದ ಇಳಿನೋಟದಲ್ಲಿ ನೋಡುತ್ತೀರಿ. ಕಾರು ಓಡಿಸಬೇಕು, ಹೇಳಿದ ಜಾಗಕ್ಕೆ ಹೇಳಿದ ಹೊತ್ತಿಗೆ ಮುಟ್ಟಬೇಕು, ಅಲ್ಲಿ ಸಿಕ್ಕ ಸಣ್ಣ ಕಳ್ಳನಿಂದ ದೊಡ್ಡ ಕಳ್ಳನ ಸುಳಿವು ಹಿಡಿಯಬೇಕು. ಸ್ಟಿಯರಿಂಗ್ ಮಹಾ ಮೊಂಡು. ರಸ್ತೆಯಂಚಿಗೆ ತಗಲಿದರೆ ಕಥೆ ಮುಗಿಯಿತು. ಅಪರಾಧಿಗಿಂತ ಗಡಿಯಾರ ಮತ್ತು ತಿರುವುಗಳೇ ಇಲ್ಲಿ ನಿಜವಾದ ವೈರಿಗಳು. ಬೆಳಗಿನ ಫಾಸ್ಟ್ ಲೋಕಲ್ ತಪ್ಪಿಸಿಕೊಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಊರಿಗೆ ಹೊಸಬನಾದವನಿಗೆ ನಗರ ಅಂದರೆ ಮೊದಲ ತಿಂಗಳು ಇಷ್ಟೇ ಮಾರಾಯ್ರೆ: ನಾಲ್ಕು ಗುರುತು, ಒಂದು ಟೈಮು, ತಪ್ಪಿದರೆ ಬೈಗುಳ. ಗೊತ್ತಿದ್ದೋ ಗೊತ್ತಿಲ್ಲದೆಯೋ, ಇಷ್ಟನ್ನು ಆಟ ಚೆನ್ನಾಗಿಯೇ ಹಿಡಿದಿದೆ.

ಬಿಟ್ಟದ್ದು ಏನನ್ನು? ಎನ್.ಬಿ.ಸಿ.ಯಲ್ಲಿ 1984ರಲ್ಲಿ ಶುರುವಾದ ಧಾರಾವಾಹಿಯ ಮೊದಲ ಕಂತನ್ನೇ ನೆನೆಸಿಕೊಳ್ಳಿ. ಟಬ್ಸ್ ಮಯಾಮಿಯವನಲ್ಲ, ನ್ಯೂಯಾರ್ಕಿನವನು. ಅಣ್ಣನನ್ನು ಕೊಂದವನನ್ನು ಹುಡುಕಿಕೊಂಡು, ಅಣ್ಣನದೇ ಹೆಸರು ಹೇಳಿಕೊಂಡು ಬಂದವನು. ಕ್ರಾಕೆಟ್‌ಗೆ ಅವನ ಮೇಲೆ ನಂಬಿಕೆ ಹುಟ್ಟುವುದೇ ನಿಧಾನ. ಹೊರಗಿನವನೊಬ್ಬ ಒಂದು ಊರಿನಲ್ಲಿ ಜತೆಗಾರನನ್ನು ಸಂಪಾದಿಸುವ ಕಥೆ ಅದು. ಊರೂ ಅಂಥದ್ದೇ. 1980ರಲ್ಲಿ ಕ್ಯೂಬಾದ ಮಾರಿಯೆಲ್ ಬಂದರಿನಿಂದ ಸುಮಾರು 1,25,000 ಜನ ದೋಣಿಗಳಲ್ಲಿ ಫ್ಲೋರಿಡಾಕ್ಕೆ ಬಂದಿಳಿದಿದ್ದರು; ಬಹಳಷ್ಟು ಮಂದಿ ಮಯಾಮಿಯಲ್ಲೇ ನೆಲೆ ನಿಂತರು. ಧಾರಾವಾಹಿಯ ಥಳುಕಿನ ಹಿಂದೆ ಆ ಜನ, ಆ ಭಾಷೆ ಕೇಳಿಸುತ್ತಲೇ ಇರುತ್ತದೆ.

ಆಟದಲ್ಲಿ ಇದ್ಯಾವುದೂ ಇಲ್ಲ. ಓಡುವ ಕಾರಿನ ಮೇಲ್ಛಾವಣಿಯಷ್ಟೇ ಕಾಣುತ್ತದೆ. ಒಳಗೆ ಇಬ್ಬರಿದ್ದಾರೆಂದು ನಾವೇ ನಂಬಿಕೊಳ್ಳಬೇಕು. 48ಕೆ ನೆನಪಿನಲ್ಲಿ ಇನ್ನೇನು ತುಂಬಿಸಲಿಕ್ಕಾದೀತು ಅನ್ನುವ ಸಮಜಾಯಿಷಿ ಉಂಟು. ನಾನು ಒಪ್ಪುವುದಿಲ್ಲ. ಪಕ್ಕದ ಸೀಟಿನವನು ತಿರುವಿಗೆ ಮೊದಲು ಒಂದು ಸಾಲು ಅಕ್ಷರದಲ್ಲಿ ಎಚ್ಚರಿಸಿದ್ದರೂ ಸಾಕಿತ್ತು. ಕಲ್ಯಾಣಕ್ಕೋ ಥಾಣೆಗೋ ಹೊಸತಾಗಿ ಬಂದವನಿಗೆ ಯಾವ ಡಬ್ಬಿ ಹತ್ತಬೇಕು, ಯಾವ ಬದಿ ಇಳಿಯಬೇಕು ಅಂತ ಹೇಳಿಕೊಟ್ಟದ್ದು ಊರಿನವನೊಬ್ಬನೇ ತಾನೇ? ಇಲ್ಲಿ ನೂರು ಸಲ ಆಡಿದರೂ ಬೀದಿಗಳು ನಿಮಗೆ ಪರಿಚಯವಾಗುತ್ತವೆ. ನೀವು ಮಾತ್ರ ಯಾರಿಗೂ ಪರಿಚಯವಾಗುವುದಿಲ್ಲ.

ಕಮೊಡೋರ್ ಆವೃತ್ತಿಗೆ ಮಾರ್ಟಿನ್ ಗಾಲ್ವೇ ಕೊಟ್ಟ ಸಂಗೀತ ಬೇರೆ ಮಾತು. ಕಾರನ್ನು ಅಂಚಿಗೆ ಗುದ್ದಿ ಬಿಟ್ಟು, ಅದನ್ನೇ ಕೇಳುತ್ತಾ ಕೂತರೂ ನಷ್ಟವಿಲ್ಲ.